ಶನಿವಾರದ ಪಾಠ

ಬಸ್ಸು ಗಂಗಾನಗರ ದಾಟಿ ಬಳ್ಳಾರಿ ರಸ್ತೆಗೆ ತಿರುಗುವಾಗ, ಹೇಳಿಬಿಡಬೇಕೆಂದರೆ ಇನ್ನೂ ಹೊತ್ತಿದೆ ಎಂದುಕೊಂಡಳು ಮುಸರ್ರತ್. ಗಂಟೆ ಏಳೂಕಾಲು. ಒಂಬತ್ತಕ್ಕೆ ದ್ರೌಪದಮ್ಮನನ್ನು ಥಿಯೇಟರಿಗೆ ಒಯ್ಯುತ್ತಾರೆ. ಹತ್ತೂವರೆಗೆ ತಲೆಬುರುಡೆ ತೆರೆದಿರುತ್ತದೆ. ಹನ್ನೊಂದಕ್ಕೆ ಜರ್ಮನಿಯಿಂದ ಬಂದ ಆ ಮೈಕ್ರೋಸ್ಕೋಪನ್ನು ಎಳೆದು ತಂದು ನಿಲ್ಲಿಸಿದರೆ, ಡಾಕ್ಟರ್ ಮುನಿವೆಂಕಟಯ್ಯನವರು ಹೊರಊರುಗಳಿಂದ ಬಂದ ಏಳು ಮಂದಿ ಸರ್ಜನ್ನರು ನೋಡುತ್ತಿರುವಾಗ ಮೊತ್ತಮೊದಲ ಸಲ ಅದರ ಮುಂದೆ ಕೂರುತ್ತಾರೆ. ಅವರಿಗೆ ಆ ಯಂತ್ರವನ್ನು ಕಲಿಸಿದವಳು ತಾನು. ಕಲಿಸುವಾಗ ಒಂದು ಸಂಗತಿಯನ್ನು ಹೇಳದೆ ಬಿಟ್ಟವಳೂ ತಾನೇ. ಸಣ್ಣ ಸಂಗತಿ: ಕಾಣುವುದನ್ನು ಇನ್ನಷ್ಟು ದೊಡ್ಡದು ಮಾಡುವ ತಿರುಪನ್ನು ಮುಟ್ಟುವ ಮೊದಲು ಕೈಯಲ್ಲಿರುವ ಸಲಕರಣೆಯನ್ನು ಗಾಯದಿಂದ ಹೊರಗೆ ತೆಗೆಯಬೇಕು. ತೆಗೆಯದಿದ್ದರೆ, ತಿರುಪು ತಿರುಗುವ ಒಂದೆರಡು ಕ್ಷಣ ಎಲ್ಲ ಮಸುಕಾಗಿ, ಕಣ್ಣು ನಂಬಿದ ಜಾಗ ಒಂದಾದರೆ ತುದಿ ಇರುವ ಜಾಗ ಇನ್ನೊಂದಾಗುತ್ತದೆ. ಪುಸ್ತಕದಲ್ಲಿ ಓದಿದ್ದಲ್ಲ ಅದು. ಕುರಿಯ ತಲೆಗಳ ಮೇಲೆ ಹನ್ನೊಂದು ಸಲ ನರ ಹರಿದುಕೊಂಡ ಮೇಲೆ ಅವಳೇ ಕಂಡುಕೊಂಡದ್ದು. ಮೂರು ಮಾತಿನಲ್ಲಿ ಹೇಳಿ ಮುಗಿಸಬಹುದಾದದ್ದು.

ಸೇಡೆಂದರೆ ಮೈಯೆಲ್ಲ ಉರಿಯುತ್ತದೆ ಎಂದು ಅವಳು ತಿಳಿದಿದ್ದಳು. ಹಾಗೇನೂ ಇರಲಿಲ್ಲ. ನಾಲಗೆಯಡಿ ಇಟ್ಟುಕೊಂಡ ಕಲ್ಲುಸಕ್ಕರೆಯ ಹಾಗೆ ಅದು ಮೂರು ತಿಂಗಳಿಂದ ಕರಗುತ್ತಲೇ ಇತ್ತು, ಕರಗಿ ಮುಗಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೊಪ್ಪಿನ ಕುಕ್ಕೆಯನ್ನು ಕಾಲಡಿ ಸರಿಸಿಕೊಂಡು, ಎಲ್ಲಿಗಮ್ಮ, ಕೆಲಸಕ್ಕಾ ಎಂದು ಕೇಳಿದಳು. ಆಸ್ಪತ್ರೆಗೆ ಎಂದಳು ಮುಸರ್ರತ್. ಯಾರಿಗೆ ಹುಷಾರಿಲ್ಲ ಎಂದಳು ಆಕೆ. ಇವಳನ್ನು ನೋಡಿ ಡಾಕ್ಟರೆಂದು ಯಾರಿಗೂ ಅನ್ನಿಸುವುದಿಲ್ಲ. ರೆಸಿಡೆಂಟಾಗಿದ್ದ ಎರಡನೆಯ ವರ್ಷ ಒಂದು ದಿನ, ಗಂಡಸರ ವಾರ್ಡಿನಲ್ಲಿ ಮಗನನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕಿಗೂ ಹಾಗೆಯೇ ಅನ್ನಿಸಿತ್ತು. ರಕ್ತನಾಳಗಳ ಎಕ್ಸ್‌ರೇ ಫಿಲಮ್ಮನ್ನು ಮುಸರ್ರತ್ ತಪ್ಪಾಗಿ ಓದಿದ್ದಳು, ಎಡವನ್ನು ಬಲ ಎಂದಿದ್ದಳು. ಮುನಿವೆಂಕಟಯ್ಯನವರು ರೇಗಲಿಲ್ಲ. ಅವರು ಎಂದೂ ರೇಗಿದವರಲ್ಲ. ಸಿಸ್ಟರ್ ಹತ್ತಿರ ಎರಡು ಪಿನ್ನು ಕೇಳಿ ಇಸಿದುಕೊಂಡು, ಆ ಫಿಲಮ್ಮನ್ನು ಅವಳ ಬಿಳಿ ಕೋಟಿನ ಎದೆಯ ಮೇಲೆ ಅವಳ ಕೈಯಿಂದಲೇ ಚುಚ್ಚಿಸಿದರು. ತಪ್ಪು ಎದೆಯ ಮೇಲೇ ಇದ್ದರೆ ಮರೆಯುವುದಿಲ್ಲ ಎಂದರು. ನಲವತ್ತು ಹಾಸಿಗೆಯ ಆ ವಾರ್ಡಿನಲ್ಲಿ ಅವಳು ಹೆಜ್ಜೆಯಿಟ್ಟ ಕಡೆಯೆಲ್ಲ ಫಿಲಮ್ಮು ಬಡಬಡ ಸದ್ದು ಮಾಡುತ್ತಿತ್ತು. ಜೊತೆಯ ರೆಸಿಡೆಂಟುಗಳು ನಗದಿರಲು ಹರಸಾಹಸ ಮಾಡುತ್ತಿದ್ದರು. ಮಗನ ಹಾಸಿಗೆಯ ಪಕ್ಕ ಕೂತಿದ್ದ ಮುದುಕಿ ಅವಳ ಎದೆಯನ್ನೇ ದಿಟ್ಟಿಸಿ, ಪಾಪ ಈ ಮಗೀಗೇ ಏನೋ ಆಗೈತಲ್ಲಪ್ಪ ಎಂದು ಮರುಗಿದಳು. ನಗು ತಡೆದುಕೊಂಡವರ ಮುಖಗಳೆಲ್ಲ ಮುಸರ್ರತ್‌ಗೆ ಮರೆತುಹೋಗಿವೆ, ಮರುಗಿದ ಆ ಮುದುಕಿಯ ಮುಖ ಮರೆತಿಲ್ಲ.

ಅವರ ಪಾಠದ ಕ್ರಮವೇ ಅದಾಗಿತ್ತು. ಇಂಗ್ಲೆಂಡಿನಲ್ಲಿ ಅವರ ಗುರು ಅವರಿಗೆ ಕಲಿಸಿದ್ದು ಹಾಗೆ, ಹೆಬ್ಬಾಳದ ಹಳೇ ಊರಿನ ರಾಗಿ ಹೊಲದಿಂದ ಬಂದ ತನ್ನನ್ನು ಮನುಷ್ಯನನ್ನಾಗಿ ಮಾಡಿದ್ದು ಅದೇ ಕ್ರಮ ಎಂದು ಅವರು ಪ್ರತಿ ವರ್ಷ ಹೊಸಬರಿಗೆ ಹೇಳುತ್ತಿದ್ದರು. ಮೊದಲ ಎರಡು ವರ್ಷ ಕಣ್ಣು, ಆಮೇಲೆ ಕೈ. ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ. ಗಾಯದ ಅಂಚನ್ನು ಎಳೆದು ಹಿಡಿಯುವಾಗ ಕೈ ಒಂದು ಕೂದಲಿನಷ್ಟು ಸಡಿಲವಾದರೂ ಗೆಣ್ಣಿನ ಮೇಲೆ ಉಕ್ಕಿನ ಚಿಮಟದ ಏಟು ಬೀಳುತ್ತಿತ್ತು. ಉತ್ತರ ಗೊತ್ತಿಲ್ಲದೆ ನಿಂತರೆ, ಹೆಣದ ಕೋಣೆಯನ್ನೂ ವಾರ್ಡನ್ನೂ ಇಪ್ಪತ್ತು ವರ್ಷದಿಂದ ಗುಡಿಸುತ್ತಿದ್ದ ಅಟೆಂಡರ್ ಲಕ್ಕಣ್ಣನನ್ನು ಕರೆದು, ನೀನು ಹೇಳಯ್ಯ ಎನ್ನುತ್ತಿದ್ದರು. ಅದೇ ಪ್ರಶ್ನೆಗಳನ್ನು ಸಾವಿರ ಸಲ ಕೇಳಿಸಿಕೊಂಡಿದ್ದ ಲಕ್ಕಣ್ಣ ನೆಲ ನೋಡಿಕೊಂಡು ಸರಿಯಾದ ಉತ್ತರ ಹೇಳುತ್ತಿದ್ದ. ಮೂರನೆಯ ವರ್ಷ ಎಲ್ಲ ಗಂಡುಹುಡುಗರಿಗೂ ತಲೆಬುರುಡೆಗೆ ತೂತು ಕೊರೆಯುವ ಕೆಲಸ ಸಿಕ್ಕಿತು, ಇವಳಿಗೆ ಸಿಗಲಿಲ್ಲ. ಧೈರ್ಯ ಮಾಡಿ ಕೇಳಿದಾಗ ಅವರು, ನಿಮ್ಮ ತಂದೆ ಏನು ಮಾಡ್ತಾರೆ ಎಂದರು. ಆರ್.ಟಿ. ನಗರದಲ್ಲಿ ಬಡಗಿ ಸರ್ ಎಂದಳು. ಬುರುಡೆ ಕೊರೆಯುವ ಸಲಕರಣೆಯನ್ನು ಎತ್ತಿ ಎಲ್ಲರಿಗೂ ತೋರಿಸಿ ಅವರು ಹೇಳಿದ್ದು ಇಷ್ಟೇ: “ಇದೂ ಬೈರಿಗೇನೇ. ಮನೇಲಿ ಬಾಗಿಲು ಕೊರ್ಕೊಂಡಿರು. ಇಲ್ಲಿ ನೋಡ್ಕೊಂಡಿರು.” ಅಂದಿನಿಂದ ವಿಭಾಗದಲ್ಲಿ ಅವಳ ಹೆಸರು ಬಡಗಿ.

ಅವರು ತಿಳಿಯದೆಯೇ ಆಡಿದ ನಿಜವಿತ್ತು ಆ ಮಾತಿನಲ್ಲಿ. ಬೈರಿಗೆ ಅವಳ ಕೈಗೆ ಬಂದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಅಬ್ಬ ಗಯಾಸ್ ಸಾಹೇಬರು ತೇಗದ ತುಂಡಿನ ಮೇಲೆ ಅವಳ ಕೈಯಿಟ್ಟು, ಆ ಕೈಯ ಮೇಲೆ ತಮ್ಮ ಕೈಯಿಟ್ಟು ತಿರುಗಿಸಿದ್ದರು. ಕೊರೆ ಆಚೆ ಬದಿಗೆ ಬೀಳುವ ಮುಂಚೆ ಮರ ಒಂದು ಸಲ ಹಗುರಾಗುತ್ತದೆ, ಆ ಹಗುರ ಗೊತ್ತಾದ ತಕ್ಷಣ ಕೈಯ ಭಾರ ತೆಗೆದುಬಿಡಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ ಎಂದು ಅವರು ಹೇಳಿಕೊಟ್ಟರು. ಯಾಕೆ ಎಂದು ಕೇಳಿದ್ದಕ್ಕೆಲ್ಲ ಕಾರಣ ಹೇಳುವ ಮನುಷ್ಯ. ಕೇಳದಿದ್ದರೂ ಹೇಳುವ ಮನುಷ್ಯ. ಓದು ಬಾರದ ಅಬ್ಬನ ಆ ವಾಚಾಳಿತನದ ಬಗ್ಗೆ ಮೆಡಿಕಲ್ ಓದುವಾಗ ಅವಳಿಗೆ ನಾಚಿಕೆಯಾಗುತ್ತಿತ್ತು.

ಮೈಕ್ರೋಸ್ಕೋಪು ಬಂದದ್ದು ಎಂಬತ್ತೊಂದರಲ್ಲಿ. ಎಂಟು ತಿಂಗಳು ಅದು ಮರದ ಪೆಟ್ಟಿಗೆಯಲ್ಲೇ ಕೂತಿತ್ತು. ಬಂದ ದಿನ ಮುನಿವೆಂಕಟಯ್ಯನವರು ಒಮ್ಮೆ ಅದರೊಳಗೆ ಕಣ್ಣಿಟ್ಟು ನೋಡಿ, ಬರಿಗಣ್ಣಿಗೆ ಕಾಣದವನು ಈ ಕೆಲಸಕ್ಕೆ ಬರಬಾರದು ಎಂದು ಮತ್ತೆ ಪೆಟ್ಟಿಗೆಗೆ ಹಾಕಿಸಿದ್ದರು. ಪೆಟ್ಟಿಗೆಯ ಮೊಳೆ ಕೀಳಿಸಿ, ಕೋಣೆಯ ಬೀಗದ ಕೈ ಇಸಿದುಕೊಂಡು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಬ್ಬಳೇ ಅದರ ಮುಂದೆ ಕೂತವಳು ಮುಸರ್ರತ್. ಅಮ್ಮಿ ಜೈಬುನ್ನೀಸಾ ಮಾಂಸದಂಗಡಿಯಿಂದ ಕುರಿತಲೆ ತಂದು, ಟಿಫಿನ್ ಕ್ಯಾರಿಯರಿನಲ್ಲಿ ಹಿಡಿಸದೆ ಹಾಲಿನ ಕ್ಯಾನಿನಲ್ಲಿಟ್ಟು ಕೊಡುತ್ತಿದ್ದಳು. ಸಂಜೆ ವಾಪಸು ತಂದರೆ ಅಡುಗೆಗಾದರೂ ಆಗುತ್ತಿತ್ತಲ್ಲ ಎಂಬ ಕೊರಗು ಅವಳಿಗೆ. ಆಮೇಲೆ, ದೇಶದ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಆ ಯಂತ್ರವಿಲ್ಲದೆ ಮಿದುಳು ಮುಟ್ಟುವುದೇ ಇಲ್ಲ ಎಂಬ ಮಾತು ಬರತೊಡಗಿತು. ಈ ಫೆಬ್ರವರಿಗೆ ಇಲ್ಲೇ ಒಂದು ಸಮ್ಮೇಳನ ಗೊತ್ತಾಯಿತು. ಕಳೆದ ಮಳೆಗಾಲದಲ್ಲಿ ಒಂದು ದಿನ ಅವರು ಅವಳನ್ನು ಕೋಣೆಗೆ ಕರೆಸಿದರು. ಬಾಗಿಲು ಹಾಕು ಎಂದರು. ಕಿಟಕಿಯಾಚೆ ನೋಡುತ್ತ, ಆ ಮೆಷಿನ್ನು ನಿಂಗೆ ಬರುತ್ತಂತೆ ಎಂದರು. ಕಲಿಸು ಎಂಬ ಶಬ್ದ ಅವರ ಬಾಯಿಂದ ಬರಲಿ ಎಂದು ಅವಳು ಸುಮ್ಮನೆ ನಿಂತಳು. ಅದು ಬರಲಿಲ್ಲ.

“ಶನಿವಾರ ಮಧ್ಯಾಹ್ನ ಬರ್ತೀನಿ. ಲಕ್ಕಣ್ಣನ್ನ ಬಿಟ್ಟು ಯಾರಿಗೂ ಗೊತ್ತಾಗ್ಬಾರದು,” ಎಂದಷ್ಟೇ ಹೇಳಿ ಕಾಗದಗಳತ್ತ ಬಗ್ಗಿದರು.

ಆ ಶನಿವಾರಗಳನ್ನು ನೆನೆದಾಗ ಬಸ್ಸಿನಲ್ಲೂ ಅವಳ ಬೆನ್ನು ನೆಟ್ಟಗಾಯಿತು. ಮೊದಲ ಆರು ವಾರ ಅವರನ್ನು ಬರೀ ನಿಲ್ಲಿಸಿದಳು. ಕಣ್ಣು ಮೊದಲು, ಕೈ ಆಮೇಲೆ, ನೀವೇ ಹೇಳಿದ್ದಲ್ಲವೇ ಸರ್ ಎಂದಳು. ಅವರ ಮಂಡಿ ನೋಯುತ್ತಿತ್ತು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದು ಅವಳ ಬೆನ್ನಿಗೆ ಕೇಳಿಸುತ್ತಿತ್ತು. ಕೋಣೆಯ ಮೂಲೆಯಲ್ಲಿ ಸ್ಟೂಲಿತ್ತು, ಕೂರಿ ಎನ್ನಲಿಲ್ಲ. ಅವರು ಏನೋ ಕೇಳಲು ಬಾಯಿ ತೆರೆದಾಗ ತಿರುಗಿಯೂ ನೋಡದೆ, ಪ್ರಶ್ನೆ ಬೇಡ ಸರ್ ಎಂದಳು. ಏಳನೆಯ ಶನಿವಾರ ಚಿಮಟ ಅವರ ಕೈಗೆ ಕೊಟ್ಟಳು. ಆ ಪ್ರಸಿದ್ಧ ಕೈ, ಊರೆಲ್ಲ ಹೊಗಳುವ ಕೈ, ಇಪ್ಪತ್ತು ಪಟ್ಟು ದೊಡ್ಡದಾಗಿ ಕಂಡಾಗ ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿತ್ತು. ಮಣಿಕಟ್ಟು ಊರಬೇಕು ಎಂದಳು. ಎರಡನೆಯ ಸಲ ಹೇಳಲಿಲ್ಲ. ಇನ್ನೊಂದು ಚಿಮಟದಿಂದ ಗೆಣ್ಣಿನ ಮೇಲೆ ಹೊಡೆದಳು. ಉಕ್ಕು ಮೂಳೆಗೆ ತಾಗಿದ ಸದ್ದು ಆ ಖಾಲಿ ಕೋಣೆಯಲ್ಲಿ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಅವಳ ಬಾಯಲ್ಲಿ ನೀರೂರಿತು. ಅವರು ಕೈ ಹಿಂದೆಳೆದುಕೊಂಡರು. ನೋಡಿಕೊಂಡರು. ಮತ್ತೆ ಅದೇ ಜಾಗದಲ್ಲಿ, ಮಣಿಕಟ್ಟು ಊರಿ ಇಟ್ಟರು. ಮುಂದೆ ಎಂದರು.

ಒಂದು ಸಲ ಮಾತ್ರ ಅವಳ ಲೆಕ್ಕ ತಪ್ಪಿತ್ತು. ಒಂದು ನರದ ಪಕ್ಕದ ಸಣ್ಣ ರಕ್ತನಾಳದ ಹೆಸರು ಕೇಳಿದಳು. ಅವರಿಗೆ ಹೊಳೆಯಲಿಲ್ಲ. ಬಾಗಿಲ ಬಳಿ ನಿಂತಿದ್ದ ಲಕ್ಕಣ್ಣನ ಕಡೆ ತಿರುಗಿ, ನೀನು ಹೇಳಪ್ಪ ಎಂದಳು. ಅವನಿಗೆ ಅದು ಖಂಡಿತ ಗೊತ್ತಿತ್ತು. ಅದೇ ಉತ್ತರವನ್ನು ಅವನು ಇವಳೆದುರಿಗೆ ಎರಡು ಸಲ ಹೇಳಿದ್ದ. ಲಕ್ಕಣ್ಣ ನೆಲ ನೋಡಲಿಲ್ಲ, ಅವಳ ಮುಖವನ್ನೇ ನೋಡಿದ. ನಂಗೇನ್ ಗೊತ್ತಮ್ಮ, ನಾನು ಗುಡಿಸೋನು ಎಂದ. ಆ ಸಂಜೆ ಮನೆಗೆ ಹೋದಮೇಲೂ ಅವಳ ಕಿವಿ ಬಿಸಿಯಾಗಿಯೇ ಇತ್ತು.

ಹೇಳದೆ ಬಿಟ್ಟದ್ದು ಮೊದಲಿಗೆ ಬೇಕೆಂದೇ ಮಾಡಿದ್ದೇನಲ್ಲ. ನವೆಂಬರಿನ ಒಂದು ಶನಿವಾರ. ಆ ಬೆಳಿಗ್ಗೆ ರೌಂಡ್ಸಿನಲ್ಲಿ ಮುನಿವೆಂಕಟಯ್ಯನವರು ಹೊಸ ರೆಸಿಡೆಂಟುಗಳಿಗೆ ಅವಳನ್ನು ಪರಿಚಯಿಸುತ್ತ, ಇವರು ನಮ್ಮ ಬಡಗಿ, ಕಿಟಕಿ ಬಾಗಿಲು ಏನಿದ್ದರೂ ಇವರನ್ನು ಕೇಳಿ ಎಂದಿದ್ದರು. ಶನಿವಾರ ಮಧ್ಯಾಹ್ನ ಮಾತ್ರ ಶಿಷ್ಯ, ಉಳಿದ ಆರೂವರೆ ದಿನ ಅವರು ಅವರೇ. ಮಧ್ಯಾಹ್ನ ಕುರಿಯ ಕಪಾಲದೊಳಗೆ ಅವರ ಕೈ ಇತ್ತು, ಇನ್ನಷ್ಟು ದೊಡ್ಡದು ಮಾಡಬೇಕಿತ್ತು. ಕೈ ತೆಗೀರಿ ಸರ್ ಎಂದಳು. ತೆಗೆದರು. ತಿರುಪು ತಿರುಗಿಸಿದಳು. ಅಂದು ಯಾಕೋ ಅವರು, ಕ್ರಮ ಮುರಿದು, ಯಾಕೆ ಎಂದು ಕೇಳಿದರು. ಕಾರಣ ಅವಳ ನಾಲಗೆಯ ತುದಿಗೆ ಬಂದಿತ್ತು. ದಣಿವಾರಿಸ್ಕೊಳ್ಳಿ ಅಂತ ಸರ್, ವಯಸ್ಸಾಯ್ತಲ್ಲ ಎಂದಳು. ಅಲ್ಲಿಂದ ಪ್ರತಿ ಶನಿವಾರ ತಿರುಪನ್ನು ಅವಳೇ ತಿರುಗಿಸಿದಳು, ಪ್ರತಿ ಸಲವೂ ದಣಿವಿನ ಮಾತೇ ಹೇಳಿದಳು. ದಣಿವಿನ ಮಾತು ಅವರಿಗೆ ಹಿಡಿಸುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಏಳು ಜನ ನೋಡುತ್ತಿರುವಾಗ ಅವರು ದಣಿವಾರಿಸಿಕೊಳ್ಳುವುದಿಲ್ಲ, ತಿರುಪಿಗೆ ತಾವೇ ಕೈ ಹಾಕುತ್ತಾರೆ ಎಂಬುದೂ ಗೊತ್ತಿತ್ತು.

ಆಸ್ಪತ್ರೆಯ ಮೊದಲ ಮಹಡಿಯ ವರಾಂಡದಲ್ಲಿ ದ್ರೌಪದಮ್ಮ ಸ್ಟ್ರೆಚರಿನ ಮೇಲೆ ಮಲಗಿದ್ದಳು. ಬೋಳಿಸಿದ ತಲೆ, ಹಸಿರು ಬಟ್ಟೆ. ಚಿಕ್ಕಬಾಣಾವರದ ರೈಲ್ವೆ ಗೇಟಿನ ಹತ್ತಿರ ಟೀ ಅಂಗಡಿ ಇಟ್ಟವಳು, ನಲವತ್ತೆರಡು ವರ್ಷ. ರೈಲಿನ ಸದ್ದು ಒಂದೇ ಕಿವಿಗೆ ಕೇಳಿಸುತ್ತದೆ ಎಂದು ಬಂದವಳಿಗೆ, ಕಿವಿಯ ನರದ ಮೇಲೆ ನೆಲ್ಲಿಕಾಯಿ ಗಾತ್ರದ ಗಡ್ಡೆ ಸಿಕ್ಕಿತ್ತು. ಅದಕ್ಕೆ ಅಂಟಿಕೊಂಡೇ ಮುಖದ ನರ ಹೋಗುತ್ತದೆ. ನಿನ್ನೆ ಹೆಬ್ಬೆಟ್ಟು ಒತ್ತುವಾಗ ಅವಳು ಕೇಳಿದ್ದು ಬದುಕುತ್ತೀನಾ ಎಂದಲ್ಲ. “ಮೊಕ ಸೊಟ್ಟಗಾಗ್ತದಂತಲ್ಲವ್ವಾ, ಪಕ್ಕದ್ ಮಂಚದೋಳು ಏಳಿದ್ಲು. ನಂಗೆ ಗಿರಾಕಿಗಳು ಬರಾದೇ ನನ್ ನಗು ನೋಡಿ ಕಣವ್ವಾ,” ಎಂದು ನಕ್ಕಿದ್ದಳು. ಮುಂದಿನ ಹಲ್ಲುಗಳ ನಡುವೆ ಸಂದಿಯಿದ್ದ ಅಗಲ ಬಾಯಿ. ಇಂಥ ಗಡ್ಡೆಯಲ್ಲಿ ಆ ನರ ಉಳಿಯುವುದೇ ಅಪರೂಪ ಎಂದು ಪುಸ್ತಕಗಳೇ ಹೇಳುತ್ತವೆ. ಹೋದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಏಳು ಮಂದಿ ಬಂದಿರುವುದು, ಯಂತ್ರದಡಿಯಲ್ಲಿ ಅದನ್ನು ಉಳಿಸಬಹುದು ಎಂದು ತೋರಿಸುವುದನ್ನು ನೋಡಲು. ಇವತ್ತು ಸ್ಟ್ರೆಚರಿನ ಮೇಲಿಂದ ದ್ರೌಪದಮ್ಮ ಅವಳ ಬೆರಳು ಹಿಡಿದು, ನೀವೂ ಒಳಗಿರ್ತೀರಾ ಎಂದಳು. ಇರ್ತೀನಿ ಎಂದಳು ಮುಸರ್ರತ್. ಅಂಗಾದ್ರೆ ಸರಿ ಎಂದು ಆಕೆ ಕಣ್ಣು ಮುಚ್ಚಿದಳು.

ಕೈ ತೊಳೆಯುವ ತೊಟ್ಟಿಯ ಮುಂದೆ ಹತ್ತು ನಿಮಿಷ ಗುರು ಶಿಷ್ಯೆ ಪಕ್ಕಪಕ್ಕ ನಿಂತಿದ್ದರು. ನೀರು ಬೀಳುತ್ತಿತ್ತು, ಬ್ರಷ್ಷಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ಅವರ ಗೆಣ್ಣುಗಳು ಸೋಪಿನ ನೊರೆಯಲ್ಲಿ ಮುದುಕರ ಗೆಣ್ಣುಗಳಂತೆ ಕಂಡವು. ನಿವೃತ್ತಿಗೆ ಎರಡು ವರ್ಷ. ಆಚೆ ಕೋಣೆಯಲ್ಲಿ, ಯಂತ್ರದೊಳಗಿನದನ್ನು ಏಳು ಮಂದಿಗೂ ತೋರಿಸಲೆಂದು ನರ್ಸುಗಳ ಹಾಸ್ಟೆಲಿನಿಂದ ಹೊತ್ತು ತಂದ ಕಪ್ಪುಬಿಳುಪು ಟಿ.ವಿ.ಯ ಮುಂದೆ ಕುರ್ಚಿಗಳನ್ನು ಎಳೆಯುವ ಸದ್ದಾಯಿತು. ಸರ್, ತಿರುಪು ಮುಟ್ಟೋ ಮುಂಚೆ — ಎಂದು ಅವಳ ಒಳಗಿನ ಯಾರೋ ಶುರುಮಾಡಿದರು. ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಅವರು ಮೊಣಕೈಯಿಂದ ನಲ್ಲಿ ನಿಲ್ಲಿಸಿ, ಅವಳ ಕಡೆ ನೋಡದೆಯೇ, “ಪಕ್ಕದ ಕೊಳವೇಲಿ ನೋಡ್ಕೊಂಡಿರು. ಕಲಿಯೋಕೆ ಸಿಗುತ್ತೆ,” ಎಂದರು. ಕೈ ಮೇಲೆತ್ತಿಕೊಂಡು ಒಳಗೆ ಹೋದರು. ಗಂಟಲಲ್ಲಿದ್ದದ್ದು ಸಲೀಸಾಗಿ ಕೆಳಗಿಳಿಯಿತು. ಅವಳಿಗೆ ಹಾಯೆನ್ನಿಸಿತು.

ಮೈಕ್ರೋಸ್ಕೋಪಿಗೆ ಜೋಡಿಸಿದ್ದ ಪಕ್ಕದ ಕೊಳವೆಯಲ್ಲಿ ಕಣ್ಣಿಟ್ಟರೆ ಅವರು ಕಂಡದ್ದೆಲ್ಲ ಅವಳಿಗೂ ಕಾಣುತ್ತಿತ್ತು. ಗಡ್ಡೆ ಹಳದಿಯಾಗಿ, ಹೊಳೆಯುತ್ತ ಉಬ್ಬಿಕೊಂಡಿತ್ತು. ಅವರು ಒಳಗಿನಿಂದ ಅದನ್ನು ಕೆರೆದು ಖಾಲಿ ಮಾಡುತ್ತ ಬಂದರು, ಚೆನ್ನಾಗಿಯೇ ಮಾಡಿದರು. ಮಣಿಕಟ್ಟು ಊರಿತ್ತು. ಕೈ ಅದುರುತ್ತಿರಲಿಲ್ಲ. ತಾನು ಕಲಿಸಿದ ಒಂದೊಂದನ್ನೂ ಅವರು ನೆನಪಿಟ್ಟಿದ್ದರು ಎಂಬುದನ್ನು ನೋಡುತ್ತ ನೋಡುತ್ತ ಅವಳಿಗೆ ಹೆಮ್ಮೆಯಂಥದೇನೋ ಆಯಿತು. ಹಾಗಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಹನ್ನೆರಡೂವರೆಗೆ ಗಡ್ಡೆಯ ಹೊರಪೊರೆಯ ಮೇಲೆ ಮುಖದ ನರ ಕಂಡಿತು. ನರವೆಂದರೆ ದಾರದ ಹಾಗಿರುತ್ತದೆಂದು ಜನ ತಿಳಿಯುತ್ತಾರೆ. ಅದು ಹಿಗ್ಗಿ ಚಪ್ಪಟೆಯಾಗಿ ಈರುಳ್ಳಿಯ ಎಸಳುಗಳ ನಡುವಿನ ಪೊರೆಯ ಹಾಗೆ ಹರಡಿಕೊಂಡಿತ್ತು. ದ್ರೌಪದಮ್ಮನ ನಗು ಅದರಲ್ಲಿ ಹಾದುಹೋಗುತ್ತದೆ. ಅವರು ಮೊಂಡು ಕೊಕ್ಕೆಯನ್ನು ಪೊರೆಯ ಅಡಿಗೆ ತೂರಿಸಿ ನಿಲ್ಲಿಸಿದರು. ಇನ್ನೂ ಹತ್ತಿರದಿಂದ ಕಾಣಬೇಕಿತ್ತು. ಮೈಕಿನಲ್ಲಿ ಆಚೆ ಕೋಣೆಯವರಿಗೆ, ಈಗ ದೊಡ್ಡದು ಮಾಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಬಲಗೈ ಕೊಕ್ಕೆಯನ್ನು ಹಿಡಿದೇ ಇತ್ತು. ಎಡಗೈ ತಿರುಪಿನ ಕಡೆ ಏಳಲು ತೊಡಗಿತು.

ಸಾಕಷ್ಟು ಹೊತ್ತಿತ್ತು. ಆಮೇಲೆ ಎಷ್ಟು ಸಲ ನೆನೆದರೂ ಅದೊಂದನ್ನು ಮಾತ್ರ ಅವಳು ಸುಳ್ಳುಮಾಡಲಾರದೆ ಹೋದಳು. ಗಂಟಲು ಕಟ್ಟಿರಲಿಲ್ಲ, ಹೆದರಿಕೆ ಆಗಿರಲಿಲ್ಲ, ಬುದ್ಧಿಗೆ ಮಂಕು ಕವಿದಿರಲಿಲ್ಲ. ಎಡಗೈ ಎದ್ದಿತು, ಬಟ್ಟೆ ಸುತ್ತಿದ ತಿರುಪನ್ನು ಬೆರಳು ಹುಡುಕಿತು, ಒಮ್ಮೆ ತಪ್ಪಿತು, ಸಿಕ್ಕಿತು. ಕೈ ಎಂಬ ಒಂದೇ ಶಬ್ದ ಸಾಕಿತ್ತು. ಅವಳು ತುಟಿ ಬಿಗಿಹಿಡಿದು, ಮಾಸ್ಕಿನ ಹಿಂದೆ, ಕಾದಳು. ಬೆಳಕಿನ ವೃತ್ತ ಮಸುಕಾಯಿತು. ಮಸುಕಿನಲ್ಲಿ ಏನೋ ಬೂದು ಬಣ್ಣದ್ದು ಅಲುಗಿತು. ತಿಳಿಯಾದಾಗ ಪೊರೆ ಎರಡಾಗಿತ್ತು, ಎರಡು ಅಂಚುಗಳೂ ನಿಧಾನವಾಗಿ ಸುರುಳಿ ಸುತ್ತಿಕೊಳ್ಳುತ್ತಿದ್ದವು.

ಆಚೆ ಕೋಣೆಯಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಮುನಿವೆಂಕಟಯ್ಯನವರು ಅಲ್ಲಾಡಲಿಲ್ಲ. ಈಗ ಕೊಕ್ಕೆಯನ್ನು ಹೊರಗೆ ತೆಗೆದರು, ನರ್ಸಿನ ತಟ್ಟೆಯಲ್ಲಿಟ್ಟರು. ಮೈಕಿಗೆ ಬಾಯಿ ತಂದು, ಮುಖದ ನರ ತುಂಡಾಯಿತು, ನರ ಚೆನ್ನಾಗಿಯೇ ಇತ್ತು, ತಪ್ಪು ನನ್ನ ಕೈಯದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಕುರ್ಚಿಯಿಂದ ಎದ್ದರು. ಮುಸರ್ರತ್, ಕೂತ್ಕೋ ಎಂದರು. ಐದು ವರ್ಷದಲ್ಲಿ ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಕೂತಳು. ಆ ಜಾಗ ಇನ್ನೂ ಬೆಚ್ಚಗಿತ್ತು. ಮೂರೂವರೆ ಗಂಟೆ ಅವಳು ಗಡ್ಡೆಯ ಉಳಿದ ಭಾಗವನ್ನು ಮಿದುಳಿನ ಕಾಂಡದಿಂದ ಎಳೆಎಳೆಯಾಗಿ ಬಿಡಿಸಿದಳು, ಹರಿದ ಅಂಚುಗಳನ್ನು ಸಾಧ್ಯವಾದಷ್ಟು ಹತ್ತಿರ ತಂದಿಟ್ಟಳು. ಪಕ್ಕದಲ್ಲಿ ನಿಂತು ರಕ್ತ ಹೀರುವ ನಳಿಗೆ ಹಿಡಿದವರು ಮುನಿವೆಂಕಟಯ್ಯನವರು. ತಿರುಪು ಮುಟ್ಟುವ ಮುಂಚೆ ಪ್ರತಿ ಸಲವೂ ಅವಳ ಕೈ ತಾನಾಗಿ ಹೊರಗೆ ಬರುತ್ತಿತ್ತು. ನಳಿಗೆಯ ತುದಿ ಅದನ್ನು ನೋಡಿ ತಾನೂ ಹೊರಗೆ ಬರುತ್ತಿತ್ತು. ಆ ಮೂರೂವರೆ ಗಂಟೆ ಅವಳ ಕೈಗಳು ಅವಳ ಬದುಕಿನಲ್ಲೇ ಎಂದೂ ಇಲ್ಲದಷ್ಟು ಸುಖವಾಗಿದ್ದವು. ಹಾಗಿದ್ದವೆಂಬುದೇ ಆಮೇಲೆ ಅವಳನ್ನು ಮಿಕ್ಕೆಲ್ಲಕ್ಕಿಂತ ಹೆಚ್ಚು ಅಂಜಿಸಿತು.

ಟೀ ಕುಡಿಯುವಾಗ ಹೊರಊರಿನ ಸರ್ಜನ್ನರು ಅವಳ ಸುತ್ತ ನೆರೆದರು. ಒಬ್ಬರು ಮುನಿವೆಂಕಟಯ್ಯನವರ ಬೆನ್ನು ತಟ್ಟಿ, ಇಂಥ ಶಿಷ್ಯರನ್ನು ತಯಾರುಮಾಡಿದ್ದೀರಲ್ಲ, ನಿಮ್ಮ ಪಾಠದ ಕ್ರಮವನ್ನು ಬರೆದುಕೊಡಿ ಎಂದರು. ಅದರಲ್ಲಿ ಕನಿಕರವಿತ್ತು. ಎಲ್ಲರಿಗೂ ಅದು ಕೇಳಿಸಿತು, ಅವರಿಗೂ. ಇದೇ, ಇದನ್ನೇ ತಾನು ಬಯಸಿದ್ದು ಎಂದು ಮುಸರ್ರತ್ ತನಗೆ ತಾನೇ ಹೇಳಿಕೊಂಡಳು. ಬಿಸ್ಕತ್ತು ಬಾಯಲ್ಲಿ ಮಣ್ಣಾಗಿ ನಿಂತಿತು.

ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವರು ಒಬ್ಬರೇ ಕೂತು ಶೂ ಲೇಸು ಕಟ್ಟುತ್ತಿದ್ದರು. ಅವಳು ದಾಟಿ ಹೋಗುವವಳಿದ್ದಳು.

“ದಣಿವಾರಿಸ್ಕೊಳ್ಳಿ ಅಂತಿದ್ದೆಯಲ್ಲ,” ಎಂದರು ಅವರು, ಲೇಸಿನಿಂದ ಕಣ್ಣೆತ್ತದೆ. “ಅದು ದಣಿವಿಗಲ್ಲ.”

“ಅಲ್ಲ ಸರ್.”

ಅವರು ಒಂದು ಶೂ ಮುಗಿಸಿ ಇನ್ನೊಂದಕ್ಕೆ ಬಗ್ಗಿದರು. ಬೈಗುಳಕ್ಕೆ ಅವಳು ಮೈಯನ್ನೆಲ್ಲ ಸಿದ್ಧಮಾಡಿಕೊಂಡಿದ್ದಳು. ಕೆಲಸದಿಂದ ತೆಗೆಸಲಿ, ಪರೀಕ್ಷೆಗೆ ಕೂರಿಸದಿರಲಿ, ಪೊಲೀಸರಿಗಾದರೂ ಹೇಳಲಿ. ಹಾಗೇನಾದರೂ ಆದರೆ ಎರಡೂ ಕಡೆಯ ಬಾಕಿ ತೀರುತ್ತದೆ, ತಾನು ನೆಟ್ಟಗೆ ನಿಲ್ಲಬಹುದು ಎನ್ನಿಸಿತ್ತು. ಅವರು ಹೇಳಿದ್ದೇ ಬೇರೆ. ಇಂಗ್ಲೆಂಡಿನಲ್ಲಿ ಅವರ ಗುರುವೂ ಒಂದೊಂದು ಪಾಠದಲ್ಲಿ ಒಂದನ್ನು ಮುಚ್ಚಿಡುತ್ತಿದ್ದನಂತೆ. ಬಿದ್ದು ಕಲಿತದ್ದು ಮರೆಯುವುದಿಲ್ಲ ಎಂಬುದು ಆ ಮನುಷ್ಯನ ಮಾತು. ತಾವೂ ತಮ್ಮ ಶಿಷ್ಯರಿಗೆಲ್ಲ ಹಾಗೆಯೇ ಮುಚ್ಚಿಟ್ಟವರಂತೆ.

“ಚೆನ್ನಾಗಿ ಕಲಿಸ್ದೆ. ಇನ್ನು ಸಾಯೋವರ್ಗೂ ಮರೆಯಲ್ಲ ನಾನು. ಬರೋ ತಿಂಗಳಿಂದ ಹೊಸಬರ ಪಾಠ ನೀನೇ ತಗೋ,” ಎಂದರು.

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಹುಡುಕಿದಳು, ಇರಲಿಲ್ಲ. ಹೊಡೆದ ಏಟೆಲ್ಲ ಗುರುದಕ್ಷಿಣೆಯಾಗಿ ಅವರ ಮಡಿಲು ಸೇರಿದ್ದನ್ನು ಕಂಡು ಅವಳಿಗೆ ತಲೆ ತಿರುಗಿದಂತಾಯಿತು. “ಪಾಠ ಅಲ್ಲ ಸರ್ ಅದು. ಸೇಡಿಗೆ ಮಾಡಿದ್ದು. ನೀವು ಕೈ ಎತ್ತಿದ್ದು ನೋಡಿದೆ. ಬೇಕೂಂತಲೇ ಸುಮ್ನಿದ್ದೆ,” ಎಂದಳು.

ಅವರು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದರು. “ಎರಡಕ್ಕೂ ಏನು ವ್ಯತ್ಯಾಸ ಅಂತ ನಂಗ್ಯಾರೂ ಹೇಳ್ಕೊಡ್ಲಿಲ್ಲಮ್ಮ,” ಎಂದು ಹೇಳಿ, ಬೆಂಚಿನ ಅಂಚು ಹಿಡಿದು ಕಷ್ಟಪಟ್ಟು ಎದ್ದು, ಮಂಡಿ ನೀವಿಕೊಳ್ಳುತ್ತ ಮೆಟ್ಟಿಲಿಳಿದು ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಹೆಂಗಸರ ವಾರ್ಡಿಗೆ ಹೋದಳು. ಮೂರು ದಿನ ಬೇರೆಯವರನ್ನು ಕಳಿಸಿದ್ದಳು. ದ್ರೌಪದಮ್ಮ ದಿಂಬಿಗೆ ಒರಗಿ ಕೂತಿದ್ದಳು. ಮುಖದ ಎಡಗಡೆ ಇಳಿಬಿದ್ದಿತ್ತು, ಬಾಯಿ ಬಲಕ್ಕೆ ಎಳೆದಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಆ ಕಣ್ಣು ಒಣಗಿ ಹಾಳಾಗದ ಹಾಗೆ ಎರಡೆರಡು ಗಂಟೆಗೆ ಮುಲಾಮು ಹಾಕಬೇಕಿತ್ತು, ಬಹುಶಃ ಜೀವವಿರುವವರೆಗೂ. ಮುಸರ್ರತ್‌ಳನ್ನು ಕಂಡು ಆಕೆ ಅರ್ಧ ನಕ್ಕಳು. ದೊಡ್ಡ ಡಾಕ್ಟರ ಕೈ ತಪ್ಪಿತಂತೆ, ನೀವು ಕೂತು ಜೀವ ಉಳಿಸಿದಿರಂತೆ, ಲಕ್ಕಣ್ಣ ಎಲ್ಲ ಹೇಳಿದ ಎಂದಳು. ಮಾತು ಬಾಯಿಯ ಒಂದೇ ಪಕ್ಕದಿಂದ ಗಾಳಿಯ ಜೊತೆ ಬರುತ್ತಿತ್ತು. ಬೆರಳು ಹಿಡಿಯಲು ಕೈ ಚಾಚಿದಳು. ಕೈಗೆ ಕೈ ಕೊಡಲು ಮುಸರ್ರತ್‌ಗೆ ಆಗಲಿಲ್ಲ. ಸ್ಟೂಲೆಳೆದು ಕೂತು, ತಲೆ ತಗ್ಗಿಸದೆ, ಅವರ ಕೈ ತಪ್ಪುತ್ತದೆಂದು ತನಗೆ ಮೊದಲೇ ಗೊತ್ತಿತ್ತು, ತಡೆಯಬಹುದಿತ್ತು, ತಡೆಯಲಿಲ್ಲ ಎಂದು ಹೇಳಿದಳು. ಅವರ ಮೇಲೆ ಐದು ವರ್ಷದ ಕೋಪವಿತ್ತು ಎಂದಳು. ಹೇಳುತ್ತಿದ್ದಂತೆ ಆ ಐದು ವರ್ಷ, ಫಿಲಮ್ಮು, ಬೈರಿಗೆ, ಬಡಗಿ ಎಂಬ ಹೆಸರು, ಎಲ್ಲ ಈ ಮಂಚದ ಪಕ್ಕದಲ್ಲಿ ಇಷ್ಟಿಷ್ಟೇ ಆಗಿ, ಹೇಳಲು ನಾಚಿಕೆಯಾಗುವಷ್ಟು ಚಿಕ್ಕವಾದವು.

ದ್ರೌಪದಮ್ಮ ಕೇಳಿಸಿಕೊಂಡಳು. ಬಲಗಣ್ಣು ಒಂದೆರಡು ಸಲ ರೆಪ್ಪೆ ಬಡಿಯಿತು. ಇನ್ನೊಂದು ಹಾಗೇ ತೆರೆದಿತ್ತು.

“ಕ್ವಾಪ ಅವರ್ ಮ್ಯಾಲೆ,” ಎಂದಳು ಕೊನೆಗೆ. “ಮೊಕ ನಂದಲ್ವಾ?”

ಪಕ್ಕದ ಮಂಚದವಳು ಹೊದಿಕೆ ಸರಿಸಿಕೊಂಡು ಆಚೆ ತಿರುಗಿದಳು. ಹತ್ತು ಗಂಟೆಯ ಮುಲಾಮಿನ ಹೊತ್ತಾಗಿತ್ತು. ತಟ್ಟೆಯಿಂದ ಪುಟ್ಟ ಟ್ಯೂಬನ್ನೆತ್ತಿ ಮುಸರ್ರತ್ ಮುಂದಕ್ಕೆ ಬಗ್ಗಿದಾಗ, ದ್ರೌಪದಮ್ಮ ಅದನ್ನು ಅವಳ ಬೆರಳುಗಳಿಂದ ಬಿಡಿಸಿಕೊಂಡಳು. ಜೋರಿನಿಂದಲ್ಲ, ಗಿರಾಕಿ ಕೈಯಿಂದ ಖಾಲಿ ಲೋಟ ಇಸಿದುಕೊಳ್ಳುವ ಹಾಗೆ.

“ನಾನೇ ಆಕ್ಕಂತೀನಿ. ಯೆಂಗೆ ಅಂತ ಏಳ್ಕೊಡಿ. ಎಲ್ಲಾನೂ ಏಳಿ, ಒಂದೂ ಬಿಡ್ಬ್ಯಾಡಿ.”

ಮುಸರ್ರತ್ ಹೇಳತೊಡಗಿದಳು. ಮೊದಲು ಕೈ ತೊಳೆದುಕೊಳ್ಳಬೇಕು, ಯಾಕೆಂದರೆ ಈ ಕಣ್ಣಿಗೆ ಧೂಳು ಬಿದ್ದರೆ ರೆಪ್ಪೆ ಅದನ್ನು ತಳ್ಳುವುದಿಲ್ಲ. ಕೆಳಗಿನ ರೆಪ್ಪೆಯನ್ನು ಬೆರಳಿಂದ ಇಳಿಸಬೇಕು, ಯಾಕೆಂದರೆ ಮುಲಾಮು ಅದರ ಒಳಬದಿಗೆ ಬೀಳಬೇಕು. ಟ್ಯೂಬಿನ ತುದಿ ಕಣ್ಣಿಗೆ ತಾಗಬಾರದು, ಯಾಕೆಂದರೆ. ಅವಳ ದನಿ ಅಲ್ಲಿ ಒಮ್ಮೆ ಒಡೆಯಿತು. ದ್ರೌಪದಮ್ಮ ಟ್ಯೂಬು ಹಿಡಿದು ಕಾದಳು, ಸಮಾಧಾನದ ಮಾತೇನೂ ಆಡಲಿಲ್ಲ. ಮುಸರ್ರತ್ ಕಾರಣ ಹೇಳಿದಳು. ಮೊದಲ ಸಲ ಮುಲಾಮು ಕೆನ್ನೆಗಂಟಿತು. ಎರಡನೆಯ ಸಲ ರೆಪ್ಪೆಯ ಕೂದಲಿಗೆ. ಅಲ್ಲ, ಇನ್ನೊಂಚೂರು ಒಳಕ್ಕೆ ಎಂದು ಅವಳು ಮತ್ತೆ ಮೊದಲಿನಿಂದ ಹೇಳಿದಳು, ಕೈ ತೊಳೆಯುವುದರಿಂದ. ಮುಚ್ಚದ ಆ ಕಣ್ಣು ಅಷ್ಟು ಹೊತ್ತೂ ಅವಳನ್ನೇ ನೋಡುತ್ತಿತ್ತು.